ಸಯನ್ನಿನ ತಂತಿ ರೇಡಿಯೊ ಬಾಯಿ ಮುಚ್ಚಿದ ಮಳೆಗಾಲ

ಕಳೆದ ವಾರ ವಿಲೆ ಪಾರ್ಲೆ ಸ್ಟೇಷನ್ನಿನ ಹೊರಗೆ, ಮೊಬೈಲ್ ರಿಪೇರಿ ಮಾಡುವ ಗೂಡಂಗಡಿಯೊಂದರ ಮುಂದೆ ನಿಂತಿದ್ದೆ. ಫೋನಿಗೆ ಚಾರ್ಜರ್ ಸರಿಯಾಗಿ ಕೂರುತ್ತಿರಲಿಲ್ಲ. ಅಂಗಡಿಯವನು ಸೋಲ್ಡರಿಂಗ್ ಕಡ್ಡಿ ಕಾಯಿಸಿ ಅದರ ಮೊನೆಯನ್ನು ರಾಳದ ಡಬ್ಬಿಗೆ ಒತ್ತಿದ. ಸುರ್ರೆಂದು ಬಿಳಿ ಹೊಗೆ ಎದ್ದಿತು. ಹಳೆಯ ವಾಸನೆ ಮೂಗಿಗೆ ಬಂದರೆ ಜನ ಕಣ್ಣು ಮುಚ್ಚಿಕೊಂಡು ಸುಖಪಡುತ್ತಾರೆ ಎಂದು ಓದಿದ್ದೇನೆ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ದಾಟಿದೆ, ಸಿಟ್ಟು ಇನ್ನೂ ಹೋಗಿಲ್ಲ. ಹೋಗಲಿ ಎಂಬ ಆಸೆಯೂ ನನಗಿಲ್ಲ.

ಆಗ ನಾವು ಮುಂಬಯಿಯ ಸಯನ್ನಿನಲ್ಲಿದ್ದೆವು. ಅಂಗಳವೊಂದನ್ನು ಸುತ್ತುವರಿದ ಮೂರು ಹಳೇ ಬಿಲ್ಡಿಂಗುಗಳು, ಮೂರಕ್ಕೂ ಸೇರಿ ಒಂದು ಹೌಸಿಂಗ್ ಸೊಸೈಟಿ. ಮುಕ್ಕಾಲು ಪಾಲು ಮನೆಗಳು ಕನ್ನಡದವರದೇ. ಬ್ಯಾಂಕು, ಇನ್ಶೂರೆನ್ಸ್ ಎಂದು ಫೋರ್ಟಿಗೆ ಹೋಗಿಬರುವ ನಮ್ಮಂಥ ಮೈಸೂರು ಬೆಂಗಳೂರಿನವರು, ಬಟ್ಟೆ ವ್ಯಾಪಾರ, ನೌಕರಿ ಎಂದು ಬಂದ ಬೆಳಗಾವಿ ಧಾರವಾಡ ವಿಜಯಪುರದವರು, ಹೋಟೆಲುಗಳ ಮ್ಯಾನೇಜರುಗಳಾಗಿದ್ದ ಒಂದಷ್ಟು ಕರಾವಳಿಯವರು. ಒಬ್ಬರ ಕನ್ನಡವನ್ನು ಇನ್ನೊಬ್ಬರು ಆಡಿಕೊಂಡು ನಗುವುದಕ್ಕೆ ಬರಗಾಲ ಇರಲಿಲ್ಲ. ಇವರನ್ನೆಲ್ಲ ದಿನಕ್ಕೆ ಒಂದು ಗಂಟೆ ಒಂದೇ ದನಿ ಕೇಳುವಂತೆ ಕೂರಿಸಿದವರು ವಾಮನರಾವ್ ದೀಕ್ಷಿತರು. ಧಾರವಾಡದವರು. ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾಗಿದ್ದರು. ಕೈ ಸುಮ್ಮನಿರದ ಮನುಷ್ಯ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಳೇ ಸ್ಪೀಕರುಗಳನ್ನು ಹೊತ್ತು ತಂದು, ಅವಕ್ಕೆ ಮರದ ಡಬ್ಬಿ ಕಟ್ಟಿ, ಮನೆಮನೆಗೂ ಒಂದೊಂದು ನೇತುಹಾಕಿದರು. ಕೆಳಗೆ ನೀರಿನ ಪಂಪಿನ ಪಕ್ಕದ ಖಾಲಿ ಕೋಣೆಯಲ್ಲಿ ಆಂಪ್ಲಿಫೈಯರ್ ಮತ್ತು ಮೈಕು. ಅಲ್ಲಿಂದ ನೀರಿನ ಪೈಪಿನ ಗುಂಟ ತಾರಸಿಗೆ, ತಾರಸಿಯಿಂದ ಮೂರೂ ಬಿಲ್ಡಿಂಗಿಗೆ ತಂತಿ.

ಲೈಸೆನ್ಸ್ ಇಲ್ಲದೆ ಇದನ್ನೆಲ್ಲ ಮಾಡಬಹುದೇ ಎಂದು ನಾನು ಹೆದರಿದ್ದೆ. ದೀಕ್ಷಿತರು ನಕ್ಕರು.

"ಆಕಾಶದಾಗ ಬಿಟ್ರ ಸರಕಾರದವರು ಕೇಳ್ತಾರ್ರಿ, ಶಾರದಾಬಾಯಿ. ತಂತ್ಯಾಗ ಬಿಟ್ರ ಯಾಂವ ಕೇಳ್ತಾನ?"

ಅದಕ್ಕೆ 'ಮಿತ್ರವಾಣಿ' ಎಂದು ಹೆಸರಿಟ್ಟಿದ್ದೆವು. ಯಾರೂ ಹಾಗೆ ಕರೆಯಲಿಲ್ಲ. ಎಲ್ಲರ ಬಾಯಲ್ಲೂ ಅದು ತಂತಿ ರೇಡಿಯೊ. ಫೋರ್ಟಿನ ಆಫೀಸು ಬಿಟ್ಟು, ಲೋಕಲ್‌ನಲ್ಲಿ ನಜ್ಜುಗುಜ್ಜಾಗಿ ಮನೆ ಸೇರಿ, ಒಂದು ಲೋಟ ಕಾಫಿ ಕುಡಿದವಳೇ ನಾನು ಕೆಳಗೆ ಓಡುತ್ತಿದ್ದೆ. ನಾಳೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾರು ಊರಿಗೆ ಹೊರಟಿದ್ದಾರೆ, ಅವರ ಕೈಲಿ ಸಾಮಾನು ಕಳಿಸುವವರು ಯಾವಾಗ ಕೊಡಬೇಕು, ಯಾರ ಮನೆಯಲ್ಲಿ ಕೂಸು ಹುಟ್ಟಿತು, ಇದೇ ನಮ್ಮ ವಾರ್ತೆ. ನಾನು ಓದುತ್ತಿದ್ದ ಮೈಸೂರಿನ ಕನ್ನಡ ಕೇಳಿ ದೀಕ್ಷಿತರು, ದಿನಾ ಇದಕ್ಕೆ ಇಸ್ತ್ರಿ ಯಾರು ಮಾಡಿಕೊಡತಾರ ಎಂದು ಕಿಚಾಯಿಸುವರು. ಮಕ್ಕಳಿಗೂ ಹತ್ತು ನಿಮಿಷ ಕೊಟ್ಟಿದ್ದೆವು. ಹಿಂದಿ, ಮರಾಠಿ, ಇಂಗ್ಲಿಷು ಎಲ್ಲ ಬೆರೆಸಿ, ತಡವರಿಸಿ ತಡವರಿಸಿ ಅವು ಓದುತ್ತಿದ್ದ ಕನ್ನಡ ಕೇಳಿದರೆ ನಗುವೂ ಬರುತ್ತಿತ್ತು, ಕರುಳೂ ಚುರುಕ್ಕೆನ್ನುತ್ತಿತ್ತು.

ಆದರೆ ತಂತಿ ರೇಡಿಯೊಗೆ ಜೀವ ಬಂದದ್ದು ಕಾಶಕ್ಕನಿಂದ. ವಿಜಯಪುರದ ಕಡೆಯ ಹಳ್ಳಿಯವಳು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ. ತಮ್ಮನ ಹೆಂಡತಿ ನಳಿನಿಯ ಬಾಣಂತನಕ್ಕೆಂದು ಸಯನ್ನಿಗೆ ಬಂದವಳು ಹಾಗೇ ಉಳಿದುಬಿಟ್ಟಿದ್ದಳು. ಆ ಬಾಣಂತನದ ಕೂಸು ಆಗ ಕಾಲೇಜಿಗೆ ಹೋಗುತ್ತಿತ್ತು. ಉಳಿ ಎಂದು ಯಾರೂ ಹೇಳಿರಲಿಲ್ಲ, ಹೋಗು ಎಂದೂ ಹೇಳಿರಲಿಲ್ಲ. ಅಡಿಗೆಮನೆಯಲ್ಲೇ ಊಟ, ಅಲ್ಲೇ ಹಾಸಿಗೆ. ಮನೆಗೆ ಬಂದವರಿಗೆ ಅವಳನ್ನು ಪರಿಚಯ ಮಾಡಿಕೊಡುವ ಪದ್ಧತಿಯೇ ಇರಲಿಲ್ಲ. ನಳಿನಿ ಕೆಟ್ಟವಳಲ್ಲ, ಹೊಡೆದವಳಲ್ಲ ಬೈದವಳಲ್ಲ. ಕಾಶಕ್ಕನ ಜೊತೆ ಮಾತಾಡುವುದಿದೆ ಎಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ, ಅಷ್ಟೆ. ಅದು ಬೈಗುಳಕ್ಕಿಂತ ಕಡಿಮೆಯೇನಲ್ಲ.

ಒಂದು ಗುರುವಾರ ಮಲೇರಿಯಾದ ಬಗ್ಗೆ ಮಾತಾಡಬೇಕಿದ್ದ ಡಾಕ್ಟರು ಕೈಕೊಟ್ಟರು. ಅದೇ ಹೊತ್ತಿಗೆ ಕಾಶಕ್ಕ ನನ್ನ ಸ್ಟೀಲ್ ಡಬ್ಬಿ ವಾಪಸು ಕೊಡಲು ಕೋಣೆಗೆ ಬಂದಳು. ಏನಾದರೂ ಮಾತಾಡವ್ವಾ ಎಂದು ದೀಕ್ಷಿತರು ಅವಳನ್ನು ಮೈಕಿನ ಮುಂದೆ ಕೂರಿಸಿದರು. ಒಂದೂರಾಗ ಒಬ್ಬ ಅಗಸ ಇದ್ದ ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಯಾಕೆ ಎಂದು ಕೈಸನ್ನೆ ಮಾಡಿದೆ. ಹೂಂ ಅನ್ನುವವರು ಯಾರು ಎಂದು ಕೇಳಿದಳು. ಅವಳ ಊರಿನಲ್ಲಿ ಕತೆ ಹೇಳುವವರಿಗೆ ಪ್ರತಿ ಮಾತಿಗೂ ಯಾರಾದರೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ನಾನು ಹೂಂ ಅಂದೆ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ.

"ನೀ ಎದುರಿಗೇ ಕೂತೀ, ನಿನ್ನ ಹೂಂ ಯಾವ ಲೆಕ್ಕ? ಡಬ್ಬ್ಯಾಗ ಕೇಳವರು ಅನ್ಲಿ."

ಇದೂ ಮೈಕಿನಲ್ಲಿ ಹೋಯಿತು. ಎದುರು ಬಿಲ್ಡಿಂಗಿನ ಕಿಟಕಿಯಿಂದ ಯಾರೋ ನಗುತ್ತಾ ಹೂಂ ಎಂದು ಕೂಗಿದರು. ಮೇಲಿನ ಮಹಡಿಯಿಂದ ಇನ್ನೊಬ್ಬರು. ಕಾಶಕ್ಕ ತಲೆಯಾಡಿಸಿ ಅಗಸನನ್ನು ಎಬ್ಬಿಸಿ ನಡೆಸಿದಳು.

ಅಂದಿನಿಂದ ಗುರುವಾರ ಕಾಶಕ್ಕನ ದಿನವಾಯಿತು. ನಮ್ಮ ಕೋಣೆಯ ಕಿಟಕಿ ತೆರೆದಿಡುತ್ತಿದ್ದೆವು. ಅವಳು ಒಂದು ಮಾತು ಹೇಳಿ ನಿಲ್ಲಿಸುವಳು, ಮೂರು ಬಿಲ್ಡಿಂಗಿನಿಂದ ಹೂಂ ಬರುವುದು, ಮತ್ತೆ ಮುಂದಿನ ಮಾತು. ಅಂಗಳದಲ್ಲಿ ನಿಂತ ಹೊಸಬರಿಗೆ, ಈ ಸೊಸೈಟಿಗೆ ಒಟ್ಟಿಗೇ ಹೊಟ್ಟೆನೋವು ಬಂದಿದೆ ಅನ್ನಿಸಿರಬೇಕು. ಅಗಸ, ಹುಲಿ, ಕಿವಿಯಿಲ್ಲದ ರಾಜ, ಎಲ್ಲ ಅವಳ ಬಾಯಲ್ಲಿ ನಮ್ಮ ನೆರೆಯವರಾದರು. ತರಕಾರಿ ತರಲು ಹೋದರೆ ಹೆಂಗಸರು ನಿಲ್ಲಿಸಿ, ಆ ರಾಜ ಮುಂದೇನಾದ ಎಂದು ಕೇಳತೊಡಗಿದರು. ಮನೆಗೆ ಬಂದವರು ಕಾಶಕ್ಕ ಎಲ್ಲಿ ಎಂದು ವಿಚಾರಿಸತೊಡಗಿದರು. ನಳಿನಿಗೆ ಅವಳನ್ನು ಒಳಗಿನಿಂದ ಕರೆಯದೆ ವಿಧಿಯಿರಲಿಲ್ಲ. ಮೊದಲು ಕರೆದಳು, ಆಮೇಲೆ ಕುರ್ಚಿ ಕೊಟ್ಟಳು, ಆಮೇಲೆ ಗುರುವಾರದ ಮುಸುರೆ ಪಾತ್ರೆಗಳನ್ನು ತಾನೇ ತಿಕ್ಕತೊಡಗಿದಳು. ಕತೆ ಹೇಳುವವಳ ಕೈ ಅಂದು ಒದ್ದೆಯಾಗಬಾರದು ಎಂದು ತಮ್ಮನೇ ಹೇಳಿದನಂತೆ. ಇದನ್ನು ನನಗೆ ಹೇಳುವಾಗ ಕಾಶಕ್ಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತಂತಿ ರೇಡಿಯೊ ನನಗೆ ಒಂದು ಹುಚ್ಚು, ದೀಕ್ಷಿತರಿಗೆ ಹೊತ್ತು ಕಳೆಯುವ ಉಪಾಯ. ಅವಳಿಗೆ ಅದು ಮನೆಯೊಳಗೆ ಸಿಕ್ಕ ಒಂದು ಕುರ್ಚಿ. ತಂತಿ ಹೋದರೆ ಕುರ್ಚಿಯೂ ಹೋಗುತ್ತದೆ ಎಂಬುದು ನನಗೆ ಆಗಲೇ ಗೊತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಆ ವರ್ಷದ ಮಳೆ ಜೂನಿನಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಸಯನ್ನಿನ ರಸ್ತೆಗಳಲ್ಲಿ ಮೊಣಕಾಲು ನೀರು, ಹಳಿಗಳ ಮೇಲೆ ನೀರು, ಲೋಕಲ್‌ಗಳು ಅಲ್ಲಲ್ಲೇ ನಿಂತು ನಾವು ಹಳಿ ಹಿಡಿದು ನಡೆದು ಬರುವುದು. ಒಣಗದ ಬಟ್ಟೆಗಳ ಮುಗ್ಗಲು ವಾಸನೆ ಎಲ್ಲ ಮನೆಗಳಲ್ಲೂ. ತಂತಿಗಳ ಕೀಲುಗಳಿಗೆ ಹಸಿರು ಕಿಲುಬು ಹಿಡಿದು ಡಬ್ಬಿಗಳೊಳಗೆ ಗೊರಗೊರ ಸದ್ದು. ದೀಕ್ಷಿತರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ತಾರಸಿಯ ಮೆಟ್ಟಿಲ ಬಾಯಲ್ಲಿ ಕೂತು ಕೀಲುಗಳನ್ನು ಬೆಸೆಯುವರು. ನಾನು ಟಾರ್ಚ್ ಹಿಡಿಯುವವಳು. ಇಡೀ ಮಳೆಗಾಲ ನನ್ನ ಸೀರೆಗೆಲ್ಲ ರಾಳದ ವಾಸನೆ.

ಅದೇ ತಾರಸಿಗೆ ಒಂದು ದಿನ ಕೇಬಲ್ ಟಿವಿಯವನು ಬಂದ. ಅವನ ಹಿಂದೆ ನಮ್ಮ ಸೊಸೈಟಿಯ ಅಧ್ಯಕ್ಷ ಅಶ್ವತ್ಥನಾರಾಯಣ ರಾಯರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ನಮ್ಮ ಮೈಸೂರಿನ ಕಡೆಯವರೇ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಯಾರ ಮೇಲೂ ದನಿ ಏರಿಸಿದವರಲ್ಲ. ಏನು ಹೇಳಿದರೂ "ತುಂಬಾ ಸಂತೋಷ" ಎನ್ನುವರು. ಅವರು ಸಂತೋಷಪಟ್ಟ ಕೆಲಸ ಯಾವುದೂ ಆದದ್ದನ್ನು ನಾನು ಕಂಡಿಲ್ಲ. ಕೇಬಲ್ಲಿನವನಿಗೆ ನಮ್ಮ ಪೈಪಿನ ದಾರಿ ಬೇಕಿತ್ತು, ಯಂತ್ರ ಇಡಲು ಪಂಪಿನ ಪಕ್ಕದ ಕೋಣೆಯೂ ಬೇಕಿತ್ತು. ಬದಲಿಗೆ ಎಲ್ಲ ಮನೆಗಳಿಗೂ ಮೊದಲ ಕೆಲವು ತಿಂಗಳು ಪುಕ್ಕಟೆ ಕನೆಕ್ಷನ್. ದಿನಾ ಸಿನಿಮಾ, ದಿನಾ ಹಾಡು. ಬರೀ ಕಿವಿಗೆ ಕೇಳಿಸುವುದನ್ನು ಎಷ್ಟು ದಿನ ಹಿಡಿದುಕೊಂಡಿರುತ್ತೀರಮ್ಮ, ಇನ್ನು ಮೇಲೆ ಕಣ್ಣಿಗೂ ಬರುತ್ತೆ ಎಂದು ರಾಯರು ನನ್ನನ್ನು ಸಮಾಧಾನ ಮಾಡಿದರು. ದಾರಿ ಕೊಡಿ, ಪೈಪಿನ ಮೇಲೆ ಎರಡು ತಂತಿಗೆ ಜಾಗ ಇದೆ, ಕೋಣೆ ಮಾತ್ರ ಸಂಜೆ ಒಂದು ಗಂಟೆ ನಮಗಿರಲಿ ಎಂದೆ. ತುಂಬಾ ಸಂತೋಷ ಎಂದರು.

ಮೊದಲ ಬಿಲ್ಡಿಂಗಿಗೆ ಕೇಬಲ್ ಬಂದ ವಾರವೇ ಗುರುವಾರದ ಹೂಂ ತೆಳುವಾಯಿತು. ಆ ಕಡೆಯ ಕಿಟಕಿಗಳಲ್ಲಿ ನೀಲಿ ಬೆಳಕು ಕುಣಿಯುತ್ತಿತ್ತು. ಆಗ ಕಾಶಕ್ಕ ಒಂದು ಉದ್ದನೆಯ ಕತೆ ಹಿಡಿದಿದ್ದಳು. ಅಣ್ಣಂದಿರ ಮನೆಯಲ್ಲಿ ದುಡಿಯುವ ಹುಡುಗಿಯೊಬ್ಬಳು ಒಂದು ದಿನ ನೀರಿನ ಕೊಡವನ್ನು ಹೊಸ್ತಿಲ ಮೇಲೆ ಇಟ್ಟು ಹೊರಟುಬಿಡುತ್ತಾಳೆ. ಕಾಡು ದಾಟಿ, ಹುಲಿಯ ಜೊತೆ ವಾದ ಮಾಡಿ, ಬಳೆಗಾರನ ಜೊತೆ ನಡೆದು, ದೊಡ್ಡದೊಂದು ಹೊಳೆಯ ದಂಡೆಗೆ ಬಂದು ನಿಲ್ಲುತ್ತಾಳೆ. ಹೊಳೆಯ ಆಚೆ ಏನಿದೆ ಎಂದು ಕಾಶಕ್ಕ ಯಾರಿಗೂ ಹೇಳಿರಲಿಲ್ಲ. ಅದು ಯಾರ ಕತೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೂಂ ಕಡಿಮೆಯಾದದ್ದು ಕೇಬಲ್ಲಿನಿಂದ ಎಂದು ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕತೆಯೇ ಸಪ್ಪೆಯಾಗಿದೆ ಎಂದುಕೊಂಡಳು. ಇನ್ನೊಂದು ಹುಲಿ ತಂದಳು, ಆಮೇಲೆ ಒಂದು ಹಾವು ತಂದಳು, ನಗಿಸಲೆಂದು ಕುಡುಕನೊಬ್ಬನನ್ನೂ ತಂದಳು. ಕತೆ ಹೇಳಿ ಮೇಲೆದ್ದ ಮೇಲೆ ನನ್ನ ಮುಖವನ್ನೇ ನೋಡುವಳು.

"ಖರೇ ಹೇಳು ಶಾರದಾ. ನನ್ನ ಕತಿ ಕೆಟ್ಟದೇನು?"

ಇಲ್ಲ ಕಾಶಕ್ಕ, ಜನ ಕೆಟ್ಟಿದ್ದಾರೆ ಎಂದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ.

ದೀಕ್ಷಿತರಂತೂ ಬಾಂಬಿನ ಹಾಗೆ ಸಿಡಿಯುತ್ತಿದ್ದರು. ನಾನು ಇರುವ ತನಕ ಕೋಣೆಯ ಬೀಗದ ಕೈ ಯಾರಿಗೂ ಕೊಡುವುದಿಲ್ಲ, ಸೊಸೈಟಿಯ ಸಭೆ ಕರೆಯಲಿ, ಎಲ್ಲರ ಮುಂದೆ ರಾಯರ ನೀರಿಳಿಸುತ್ತೇನೆ ಎಂದು ನನ್ನೆದುರು ಮೇಜು ಕುಟ್ಟಿ ಹೇಳಿದ್ದರು. ನಾನು ನಂಬಿದೆ. ನನ್ನ ಗಂಡ, ಸುಮ್ಮನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀ, ಆಫೀಸು ಮನೆ ಸಾಲದೆ ಎಂದರೂ, ನಾನು ಮನೆಮನೆಗೆ ಹೋಗಿ ಸಭೆಯಲ್ಲಿ ನಮ್ಮ ಪರವಾಗಿ ಕೈಯೆತ್ತಿ ಎಂದು ಕೇಳಿ ಬಂದೆ. ಎಲ್ಲರೂ ಒಪ್ಪಿದರು. ಕೆಲವರು ಚಹಾ ಕೊಟ್ಟು, ಟಿವಿಯ ಸದ್ದು ಕಡಿಮೆ ಮಾಡಿ ಒಪ್ಪಿದರು.

ಸಭೆ ಕರೆಯಲೇ ಇಲ್ಲ. ಗಣಪತಿ ಹಬ್ಬಕ್ಕೆ ಒಂದು ವಾರ ಇರುವಾಗ ಚಂದದ ಕಾರ್ಡೊಂದು ಬಂತು. ಹಬ್ಬದ ಮೂರನೇ ದಿನ ಅಂಗಳದ ಪೆಂಡಾಲಿನಲ್ಲಿ ಮಿತ್ರವಾಣಿಯ ರೂವಾರಿ ಶ್ರೀ ವಾಮನರಾವ್ ದೀಕ್ಷಿತರಿಗೂ ಶ್ರೀಮತಿ ಕಾಶೀಬಾಯಿಯವರಿಗೂ ಸನ್ಮಾನ. ಕಾರ್ಡು ಕೈಗೆ ಬಂದದ್ದೇ ನಾವು ಮೂವರೂ ಕರಗಿ ನೀರಾದೆವು. ನಮ್ಮ ಜನ ಹಸಿವು ತಡೆದಾರು, ಶಾಲು ತಡೆಯಲಾರರು. ಇಷ್ಟು ದೊಡ್ಡದಾಗಿ ಮರ್ಯಾದೆ ಮಾಡುವವರು ಕೋಣೆ ಕಿತ್ತುಕೊಳ್ಳುತ್ತಾರೆಯೇ ಎಂದು ದೀಕ್ಷಿತರು ಕೇಳಿದರು. ನನಗೂ ಹಾಗೇ ಅನ್ನಿಸಿತು. ಮುಂಬಯಿಯ ಅಷ್ಟೊಂದು ಕನ್ನಡ ಸಂಘಗಳ ಸಮಾರಂಭಗಳನ್ನು ಕಂಡವಳು ನಾನು. ಯಾರ ಕೆಲಸ ಮುಗಿಯಿತೋ ಅವರಿಗೇ ನಮ್ಮಲ್ಲಿ ಶಾಲು ಹೊದಿಸುವುದು ಎಂಬ ಸರಳ ಸತ್ಯ ಆಗ ಹೊಳೆಯಲಿಲ್ಲ.

ಕಾಶಕ್ಕನ ಸಂಭ್ರಮವಂತೂ ಹೇಳತೀರದು. ನಳಿನಿ ತನ್ನ ಇಳಕಲ್ ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ತಮ್ಮ ಆಫೀಸಿಗೆ ರಜಾ ಹಾಕಿದ. ಮಳೆ ಅಂದು ಸ್ವಲ್ಪ ಬಿಡುವು ಕೊಟ್ಟಿತ್ತು. ಪೆಂಡಾಲಿನ ತಾಡಪತ್ರಿಯಲ್ಲಿ ನಿಂತ ನೀರು ಆಗಾಗ ಯಾರದಾದರೂ ತಲೆಯ ಮೇಲೆ ಸುರಿದು ನಗೆಯೇಳುತ್ತಿತ್ತು. ದೀಕ್ಷಿತರನ್ನು ವೇದಿಕೆಯ ಮೇಲೆ ಕೂರಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಕೊರಳಿಗೆ ಗಂಧದ ಹಾರ ಹಾಕಿ, ಹೆಗಲಿಗೆ ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ಬುಟ್ಟಿಯನ್ನೂ ಅದರ ಮೇಲೆ ತೆಂಗಿನಕಾಯಿಯನ್ನೂ ಇಟ್ಟರು. ರಾಯರು ಮೈಕಿನ ಮುಂದೆ ಬಂದರು. ಅವರ ಮಾತೆಲ್ಲ ಭೂತಕಾಲದಲ್ಲಿತ್ತು. ಸೇವೆ ಸಲ್ಲಿಸಿದರು, ಮನ ತಣಿಸಿದರು, ಒಂದು ಯುಗವನ್ನೇ ಕಟ್ಟಿದರು.

"ಮಾನ್ಯ ದೀಕ್ಷಿತರು ಕಾಲಕ್ಕೆ ತಕ್ಕಂತೆ ಹೊಸಬರಿಗೆ ದಾರಿ ಬಿಟ್ಟುಕೊಡುವ ದೊಡ್ಡ ಮನಸ್ಸು ಮಾಡಿ, ಕೋಣೆಯನ್ನು ಸೊಸೈಟಿಗೆ ಸಂತೋಷವಾಗಿ ಒಪ್ಪಿಸ್ತಾ ಇದ್ದಾರೆ. ಅವರ ಈ ತ್ಯಾಗಕ್ಕೆ ನಿಮ್ಮೆಲ್ಲರ ಜೋರಾದ ಚಪ್ಪಾಳೆ ಬರಲಿ."

ಚಪ್ಪಾಳೆ ಬಂತು. ಕೈಯೆತ್ತುತ್ತೇವೆ ಎಂದಿದ್ದ ಕೈಗಳೇ ಅವು. ದೀಕ್ಷಿತರು ಬಾಯಿ ತೆರೆದರು. ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ, ಜಾರುವ ತೆಂಗಿನಕಾಯಿ, ಕಣ್ಣಿನ ಮೇಲೆ ಇಳಿದ ಪೇಟ. ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಬುಟ್ಟಿಯ ಸಮೇತ ತಲೆ ಬಾಗಿಸಿ ಸಭೆಗೆ ನಮಸ್ಕಾರ ಮಾಡಿದರು.

ಮುಂದಿನ ಸರದಿ ಕಾಶಕ್ಕನದು. ಶಾಲು ಹೊದಿಸಿದ ಮೇಲೆ ಎರಡು ಮಾತಾಡಿ ಎಂದರು. ರಾಯರ ಆ ಇಸ್ತ್ರಿ ಮಾಡಿದ ಕನ್ನಡದಲ್ಲಿ ಏನಾಗಿಹೋಯಿತು ಎಂಬುದು ಅವಳಿಗೆ ತಿಳಿದೇ ಇರಲಿಲ್ಲ. ತನ್ನ ಕತೆ ಕೇಳುವವರನ್ನೆಲ್ಲ ಒಟ್ಟಿಗೆ ಕಣ್ಣಾರೆ ಅವಳು ನೋಡಿದ್ದು ಅದೇ ಮೊದಲು. ಮುಖ ಅರಳಿತ್ತು.

"ನನ್ನ ಕತಿ ಯಾರಿಗೂ ಬ್ಯಾಡಾಗ್ಯದ ಅಂತ ಅಂಜಿದ್ದೆ. ಇಷ್ಟು ಮಂದಿ ಕೂಡೀರಿ. ಆ ಹುಡಿಗಿ ಹೊಳೀ ದಂಡೀ ಮ್ಯಾಲೆ ನಿಂತಾಳ, ಗುರುವಾರ ದಾಟಸ್ತೀನಿ. ಎಲ್ಲಾರೂ ಕೇಳ್ರಿ."

ಒಬ್ಬರೂ ತಿದ್ದಲಿಲ್ಲ. ಮುಂದಿನ ಸಾಲಿನಲ್ಲಿ ಕೂತವರು ನೆಲ ನೋಡಿದರು. ಹಿಂದಿನವರು ಚಪ್ಪಾಳೆ ತಟ್ಟಿದರು. ರಾಯರು ತುಂಬಾ ಸಂತೋಷ ಎಂದರು. ನಳಿನಿಗೆ ಎಲ್ಲ ತಿಳಿದಿತ್ತು, ಅವಳ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ಕಾಶಕ್ಕನಿಗೆ ನಿಜ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಾರನೆಯ ದಿನ ಆಫೀಸಿಗೆ ಹೋಗುವ ಮೊದಲು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಹಂಗಾದ್ರ ನಿನ್ನೆ ಮಂದಿ ಕೂಡಿದ್ದು ಯಾತಕ್ಕ ಎಂದು ಕೇಳಿದಳು.

ಆ ಸಂಜೆ ದೀಕ್ಷಿತರ ಮನೆಗೆ ಜಗಳಕ್ಕೆಂದೇ ಹೋದೆ. ಪೇಟ ಕಪಾಟಿನ ಮೇಲಿತ್ತು. ಒಂದು ಮಾತು, ಒಂದೇ ಒಂದು ಮಾತು ಅಲ್ಲ ಎಂದಿದ್ದರೆ ಸಾಕಿತ್ತಲ್ಲ ಎಂದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಕೊರಳಾಗ ಹಾರ ಹಾಕ್ಕೊಂಡು ಜಗಳ ಆಡಲಿಕ್ಕೆ ಬರ್ತದೇನ್ರಿ, ಶಾರದಾಬಾಯಿ?"

ಹಾರ ತೆಗೆದಿಟ್ಟು ಆಡಬಹುದಿತ್ತು ಎಂದು ಹೇಳಿ ಎದ್ದು ಬಂದೆ. ಮುಂದೆ ಅವರು ಧಾರವಾಡಕ್ಕೆ ಮಗಳ ಮನೆಗೆ ಹೊರಟಾಗ ಇಡೀ ಸೊಸೈಟಿ ಬೀಳ್ಕೊಡಲು ಗೇಟಿನ ತನಕ ಹೋಯಿತು. ನಾನು ಹೋಗಲಿಲ್ಲ. ಅವರು ಒಳ್ಳೆಯವರಾಗಿದ್ದರು ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಒಳ್ಳೆಯವರ ಮೇಲಿನ ಸಿಟ್ಟು ಬೇಗ ಹೋಗುವುದಿಲ್ಲ.

ಕೋಣೆಗೆ ಹೊಸ ಬೀಗ ಬಿತ್ತು. ಡಬ್ಬಿಗಳನ್ನು ಕೆಲವರು ರದ್ದಿಯವನಿಗೆ ಕೊಟ್ಟರು, ಕೆಲವರು ಮಸಾಲೆ ಪೊಟ್ಟಣ ಇಡಲು ಬಳಸಿದರು. ಗುರುವಾರ ನನಗೆ ಮನಸ್ಸು ತಡೆಯಲಿಲ್ಲ. ಆಫೀಸಿನಿಂದ ಬಂದವಳು ನೆಟ್ಟಗೆ ಕಾಶಕ್ಕನ ಮನೆಗೆ ಹೋದೆ. ಹೊರಗಿನ ಕೋಣೆಯಲ್ಲಿ ಹೊಸ ಕೇಬಲ್ಲಿನಲ್ಲಿ ಯಾವುದೋ ಸಿನಿಮಾ ಓಡುತ್ತಿತ್ತು. ಅವಳ ಸನ್ಮಾನದ ಶಾಲು ಮಡಿಸಿ ಟಿವಿಯ ಮೇಲೆ ಹಾಸಿತ್ತು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೂದಾನಿ. ಅವಳು ಕೂರುತ್ತಿದ್ದ ಕುರ್ಚಿಯ ಮೇಲೆ ಇಸ್ತ್ರಿಯಾಗದ ಬಟ್ಟೆಗಳ ರಾಶಿ. ನಳಿನಿ ಪರದೆಯಿಂದ ಕಣ್ಣು ಕೀಳದೆ, ಒಳಗಿದ್ದಾರೆ ನೋಡಿ ಎಂದಳು.

ಕಾಶಕ್ಕ ಅಡಿಗೆಮನೆಯ ಬಚ್ಚಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಸುರೆ ತಿಕ್ಕುತ್ತಿದ್ದಳು. ನಾನು ಅವಳ ಪಕ್ಕ ನಿಂತೆ. ಆ ಹುಡುಗಿ ಹೊಳೆ ದಾಟಿದಳಾ ಕಾಶಕ್ಕ, ನನಗೊಬ್ಬಳಿಗಾದರೂ ಹೇಳಿ ಎಂದೆ. ಅವಳು ಬೂದಿ ಹಚ್ಚಿದ ಪಾತೇಲಿಯನ್ನು ತಿರುಗಿಸಿಕೊಂಡು ಅಡಿ ತಿಕ್ಕತೊಡಗಿದಳು. ನನ್ನ ಕಡೆ ನೋಡಲಿಲ್ಲ.

"ಎಲ್ಲೀ ದಾಟ್ತಾಳ? ತಿರುಗಿ ಮನೀಗೆ ಬಂದ್ಲು. ಭಾಂಡಿ ತಿಕ್ಕಲಿಕ್ಕೆ ಹತ್ಯಾಳ. ಕಾಲು ಸರಸು, ನೀರು ಬರ್ತಾವ."